ತುಳಸಿ ಎಲೆಯ ಜೊತೆ ಒಂದು ಗುಳಿಗೆ

ನಿನ್ನೆ ಮಧ್ಯಾಹ್ನ ನನ್ನ ಎರಡನೆಯ ಮೊಮ್ಮಗಳು ಮನೆಗೆ ಬಂದಳು! ಚಿಕ್ಕೋಡಿಯ ದವಾಖಾನೆಯಿಂದ ನಮ್ಮ ಕರೋಶಿಗೆ ಟೆಂಪೋದಲ್ಲಿ, ಅಪ್ಪನ ಮಡಿಲಲ್ಲಿ ಮಲಗಿಕೊಂಡು ಬಂದಳು. ಮೂರು ಕಿಲೋಗೆ ಒಂದು ಚೂರು ಮೇಲೇ ಇದ್ದಾಳೆ. ಕೂಸಿನ ಸುದ್ದಿ ಇಷ್ಟು. ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ: ನನ್ನ ಸೊಸೆ ಯಾರ ಹೆಗಲಿಗೂ ಕೈ ಹಾಕದೆ ತಾನೇ ಇಳಿದು ಬಂದು, ಹೊಸ್ತಿಲ ಮುಂದೆ ನಿಂತು, "ಅತ್ಯಾ, ದೃಷ್ಟಿ ಆಮ್ಯಾಲ ತಗೀರಿ, ಮದ್ಲ ಒಂದ ತಂಬಿಗಿ ನೀರ ಕೊಡ್ರಿ, ಭಾಳ ನೀರಡಿಕಿ ಆಗೇತಿ" ಎಂದಳು. ನನಗೆ ಆ ದನಿ ಕೇಳಿಯೇ ಹೊಟ್ಟೆ ತುಂಬಿತು.

ಎದುರು ಮನೆಯಾಕೆ ಕಟ್ಟೆಯ ಮೇಲಿಂದಲೇ ಕೇಳಿದಳು, "ಮತ್ತ ಹೆಣ್ಣೇನ ಯವ್ವಾ?"

"ಹೌದವಾ, ಮತ್ತ ಹೆಣ್ಣ. ನಾನೂ ಹೆಣ್ಣ, ನೀನೂ ಹೆಣ್ಣ. ಪೇಡೆ ತಿಂತಿಯೋ, ಡಬ್ಬಿ ಮುಚ್ಚಲೋ?"

ತಿಂದಳು. ಎರಡು ತಿಂದಳು.

ಈ ಮುದುಕಿ ಯಾಕೆ ಇಷ್ಟು ಹಿಗ್ಗುತ್ತಾಳೆ ಎಂದು ಓಣಿಯವರಿಗೆ ಅನಿಸಿದ್ದರೆ ತಪ್ಪಿಲ್ಲ. ಅದನ್ನು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ಮೂರನೆಯ ಇಯತ್ತೆ; ಅಕ್ಷರ ಸೊಟ್ಟ ಬಿದ್ದರೂ ಮಾತು ಸೊಟ್ಟ ಬೀಳದಂತೆ ಬರೆಯುತ್ತೇನೆ.

ಐದು ವರ್ಷದ ಹಿಂದಿನ ಮಾತು. ಸೊಸೆಗೆ ತವರಲ್ಲಿ ತಾಯಿ ಇಲ್ಲ, ಹಾಗಾಗಿ ಚೊಚ್ಚಲ ಬಾಣಂತನ ನಮ್ಮಲ್ಲೇ. ಎರಡು ದಿನ ನೋವು ತಿಂದಳು. ಕಡೆಗೆ ಚಿಕ್ಕೋಡಿಯಲ್ಲಿ ಹೊಟ್ಟೆ ಕೊಯ್ದು ಹಿರಿಯ ಮೊಮ್ಮಗಳನ್ನು ತೆಗೆದರು. ಕೂಸು ಚೆನ್ನಾಗಿತ್ತು. ತಾಯಿಯ ಮೈಯಲ್ಲಿ ಮಾತ್ರ ರಕ್ತವೇ ಉಳಿದಿರಲಿಲ್ಲ. ಉಗುರು ನೋಡಿದರೆ ಸುಣ್ಣ ಬಳಿದ ಹಾಗೆ. ಡಾಕ್ಟರಬಾಯಿ ಮಗನನ್ನೂ ನನ್ನನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಹೇಳಿದರು, "ಮೂರ ವರ್ಷ ಇಕಿಗೆ ಇನ್ನೊಂದ ಬಸಿರ ಬ್ಯಾಡ. ಒಳಗಿನ ಹೊಲಿಗಿ ಬಿಚ್ಚಿದ್ರ ಇಕಿ ಉಳಿಯೂದ ಕಷ್ಟ."

ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ಊರಿಗೆ ಬರುವ ನರ್ಸಬಾಯಿ ಬಸಿರು ನಿಲ್ಲದ ಹಾಗೆ ಗುಳಿಗೆಯ ಪಾಕೀಟು ಕೊಟ್ಟರು. ದಿನಕ್ಕೊಂದು, ಸಂಜೆ ಉಂಡ ಮೇಲೆ. ಸೊಸೆ ತಪ್ಪದೆ ನುಂಗುತ್ತಿದ್ದಳು. ತಪ್ಪಿಸಿದವಳು ನಾನು.

ನಮ್ಮದು ವಿಠೋಬಾನ ಮನೆ. ಗಂಡಸರು, ಹೆಂಗಸರು ಎಲ್ಲರ ಕೊರಳಲ್ಲೂ ತುಳಸಿಮಾಲೆ. ಏಕಾದಶಿಯಂದು ಮನೆಯಲ್ಲಿ ಹಿಟ್ಟಿನ ಡಬ್ಬಿ ತೆರೆಯುವುದಿಲ್ಲ. ಕಾಳು ಕಡಿ ಒಂದನ್ನೂ ಬಾಯಿಗೆ ಹಾಕುವುದಿಲ್ಲ. ಸಾಬೂದಾಣಿ, ಶೇಂಗಾ, ಗೆಣಸು, ಹಾಲು, ಅಷ್ಟೇ. ಅಂಥ ಒಂದು ಏಕಾದಶಿಯ ಸಂಜೆ ಸೊಸೆಯ ಅಂಗೈಯಲ್ಲಿ ಬಿಳಿ ಗುಳಿಗೆ ನೋಡಿದೆ. ಒಂದನ್ನು ಉಗುರಿನಿಂದ ಕೆರೆದು ನೋಡಿದೆ. ಪುಡಿಪುಡಿಯಾಗಿ ಉದುರಿತು.

"ಇದು ಹಿಟ್ಟ ನೋಡವಾ. ಯಾವ ಕಾಳಿಂದೋ ಏನೋ. ಇವತ್ತ ಬ್ಯಾಡ. ಒಂದ ದಿನಾ ಬಿಟ್ರ ಏನಾಕ್ಕೈತಿ, ವಿಠೋಬಾ ನೋಡ್ಕೋತಾನ."

ಅವಳು ಎದುರಾಡುವವಳಲ್ಲ. ಬಿಟ್ಟಳು. ಅದರ ಬೆನ್ನಿಗೇ ಶ್ರಾವಣ ಬಂತು. ನಮ್ಮಲ್ಲಿ ಶ್ರಾವಣ ಎಂದರೆ ಸೋಮವಾರ ಉಪವಾಸ, ಶನಿವಾರ ಉಪವಾಸ, ನಡುವೆ ಏಕಾದಶಿ ಬೇರೆ. ನಾನು ಬೇಡವೆಂದ ದಿನಗಳೆಲ್ಲ ಗುಳಿಗೆ ಪಾಕೀಟಿನಲ್ಲೇ ಉಳಿದವು. ದಸರೆಯ ಹೊತ್ತಿಗೆ ಸೊಸೆ ಬೆಳಗಿನ ಚಹಾದ ವಾಸನೆಗೇ ಅಂಗಳಕ್ಕೆ ಓಡತೊಡಗಿದಳು. ನನಗೆ ಗೊತ್ತಾಯಿತು. ಕೈಯಲ್ಲಿದ್ದ ಹಾಲಿನ ಚರಿಗೆ ಕೆಳಗಿಟ್ಟು ಮಗನನ್ನು ಕರೆದೆ.

ಮರುದಿನ ಮೊದಲ ಬಸ್ಸಿಗೆ ಚಿಕ್ಕೋಡಿಗೆ ಹೋದೆವು, ನಾನು, ಮಗ, ಸೊಸೆ. ಡಾಕ್ಟರಬಾಯಿ ಪರೀಕ್ಷೆ ಮಾಡಿ ಸುತ್ತಿ ಬಳಸಿ ಮಾತಾಡಲಿಲ್ಲ. ಎರಡು ತಿಂಗಳಾಗಿದೆ, ತೆಗೆಯಬಹುದು, ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ, ಇಟ್ಟುಕೊಂಡರೆ ಜೀವಕ್ಕೆ ಅಪಾಯ ಎಂದರು. ಮಗ ನನ್ನ ಮುಖ ನೋಡಿದ. ಡಾಕ್ಟರಬಾಯಿ ಅವನನ್ನೂ ಬಿಟ್ಟು, ನನ್ನನ್ನೂ ಬಿಟ್ಟು, ಸೊಸೆಯನ್ನೇ ಕೇಳಿದರು, "ನಿನ್ನ ಮನಸ್ಸಿನಾಗ ಏನೈತಿ, ಅದನ್ನ ಹೇಳ."

"ನನ್ನ ಕೂಸ ಇನ್ನ ಅಂಬೆಗಾಲ ಇಡಾಕತ್ತೈತ್ರಿ. ಅದು ನಡ್ಯಾಕ ಕಲಿಯೂದು ನಾ ನೋಡಬೇಕ್ರಿ. ತಗೀರಿ."

ನನ್ನ ಕೈ ತಾನಾಗಿ ಕೊರಳ ಮಾಲೆಗೆ ಹೋಗಿತ್ತು. ಆಮೇಲೆ ಹೇಳಿದೆ, "ಆಕಿ ಅಂದಂಗ ಮಾಡ್ರಿ ಬಾಯಾರ." ಅವತ್ತು ಅಷ್ಟು ಹೇಳಲು ಬಾಯಿ ಬಂತಲ್ಲ, ಅದಕ್ಕೆ ಇವತ್ತಿಗೂ ನನಗೆ ಸಮಾಧಾನ.

ಕೆಲಸ ಮುಗಿದು ಸೊಸೆ ಮಂಚದ ಮೇಲೆ ಮಲಗಿದ್ದಳು. ದವಾಖಾನೆಯ ನರ್ಸಬಾಯಿ ಬಂದು, ಬಿಸಿ ಹಾಲು ಕುಡಿಸಿ, ಮುಂದೇನು ಮಾಡುತ್ತೀರಿ ಎಂದು ಕೇಳಿದರು. ನಾನು, "ಇನ್ನ ಒಂದ ತಿಂಗಳ ಚಿಂತಿ ಇಲ್ಲಲ್ರಿ. ಮುಟ್ಟ ಬರಲಿ, ಆಮ್ಯಾಲ ನೋಡೂಣು" ಎಂದೆ.

ನರ್ಸಬಾಯಿ ಸೊಂಟಕ್ಕೆ ಕೈ ಇಟ್ಟುಕೊಂಡರು. "ಆಯಿ, ಎಲ್ಲಾರೂ ಇಲ್ಲೇ ತಪ್ಪತಾರ. ತೆಗೆಸಿದ ಮ್ಯಾಲ ಹದಿನೈದ ದಿನದಾಗನ ಮತ್ತ ನಿಲ್ಲಬಹುದು. ಮುಟ್ಟ ಬರೂತನಕ ಕಾಯೂ ಹಂಗಿಲ್ಲ."

"ಮುಟ್ಟ ಬರೂಕಿಂತ ಮದ್ಲ ಹೆಂಗ ನಿಲ್ತೈತ್ರಿ?"

"ಅದು ನಿಮ್ಮನ್ನ ಕೇಳಿ ನಿಲ್ತೈತೇನ್ರಿ ಆಯಿ?" ಎಂದು ನಕ್ಕರು. ಬಸಿರು ನಿಲ್ಲದಂತೆ ಗರ್ಭಚೀಲದೊಳಗೆ ಇಡುವ ವಂಕಿ ಹಾಕಿಸಿಕೊಳ್ಳಬಹುದು, ಇವತ್ತೇ ಹಾಕುತ್ತೇವೆ. ಇಲ್ಲವೇ ಗುಳಿಗೆ, ಅದನ್ನೂ ಇವತ್ತಿನಿಂದಲೇ ಶುರು ಮಾಡಬೇಕು ಎಂದರು. ಸೊಸೆಗೆ ವಂಕಿಯ ಭಯ. ಅದು ಎದೆಗೆ ಏರುತ್ತದೆ ಎಂದು ನೀರಿನ ಟಾಕಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ಏರುವುದಿಲ್ಲ ಎಂದು ನರ್ಸಬಾಯಿ ಎಷ್ಟು ಹೇಳಿದರೂ ಅವಳು, "ಗುಳಿಗೀನ ಕೊಡ್ರಿ" ಎಂದಳು.

"ಕೊಡ್ತೀನಿ. ಆದ್ರ ಮದ್ಲ ಕೊಟ್ಟಿದ್ದ ಯಾಕ ತಪ್ಪಿಸಿದಿ?"

ಸೊಸೆ ಗೋಡೆಯ ಕಡೆ ತಿರುಗಿದಳು. ನನ್ನ ಹೆಸರು ಹೇಳಲಿಲ್ಲ. ಮೈಯಲ್ಲಿ ಶಕ್ತಿ ಇಲ್ಲದೆ ಬಿದ್ದ ಆ ಹುಡುಗಿ, ಅಷ್ಟಾದ ಮೇಲೂ ಅತ್ತೆಯ ಮರ್ಯಾದೆ ಕಾಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆಕಿ ತಪ್ಪಿಸಿಲ್ರಿ. ನಾ ತಪ್ಪಿಸೀನಿ. ಉಪಾಸದ ದಿನಾ ಬ್ಯಾಡ ಅಂದಿದ್ನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ನರ್ಸಬಾಯಿ ಬೈಯಲಿಲ್ಲ. ಪಾಕೀಟನ್ನು ನನ್ನ ಕೈಯಲ್ಲೇ ಇಟ್ಟರು. "ಹಂಗಾದ್ರ ಇನ್ನ ಮ್ಯಾಲ ನೀವ ಕಾಯ್ರಿ. ಗುಳಿಗಿಗೆ ಏಕಾದಶಿ ಇಲ್ಲ, ಅಮಾಸಿ ಇಲ್ಲ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನಾನು ಒಪ್ಪಿದೆ, ಸರಿ. ಸೊಸೆ ಒಪ್ಪಬೇಕಲ್ಲ? ನಾನೇ ಅವಳ ತಲೆಯಲ್ಲಿ ತುಂಬಿದ ಹೆದರಿಕೆ, ಉಪವಾಸ ಮುರಿಯುವ ಹೆದರಿಕೆ. ಮನೆಗೆ ಬಂದು ಕಾಲು ತೊಳೆದು ದೇವರ ಜಗಲಿಯ ಮುಂದೆ ಕೂತೆ. ಏಕಾದಶಿಯಂದು ಏನು ಬಿಟ್ಟರೂ ತೀರ್ಥ ಬಿಡುವುದಿಲ್ಲ, ತುಳಸಿ ಬಿಡುವುದಿಲ್ಲ. ತುಳಸಿ ಎಲೆ ಇಟ್ಟದ್ದು ಯಾವುದಾದರೂ ವಿಠೋಬಾನದಾಯಿತು, ಅವನ ಕೈಯಿಂದ ಬಂದದ್ದಾಯಿತು. ಕೀರ್ತನೆ ಹೇಳುವ ಯಾವ ಮಹಾರಾಜರನ್ನೂ ಕೇಳಲು ಹೋಗಲಿಲ್ಲ. ನಾನೇ ತೀರ್ಪು ಕೊಟ್ಟುಕೊಂಡೆ. ಪಾಕೀಟನ್ನು ವಿಠೋಬಾನ ಫೋಟೋದ ಹಿಂದೆ ಇಟ್ಟೆ. ದೀಪ ಹಚ್ಚಿದ ಮೇಲೆ ಗುಳಿಗೆಯ ಮೇಲೊಂದು ತುಳಸಿ ಎಲೆ ಇಟ್ಟು, ಒಂದು ಚಮಚ ತೀರ್ಥದ ಜೊತೆ ಸೊಸೆಯ ಅಂಗೈಗೆ ಹಾಕಿದೆ.

ಅವಳು ಗುಳಿಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಅತ್ಯಾ, ಹಿಟ್ಟ ಅಲ್ರೀ ಇದು?"

"ಹೌದ ಬೇ, ಹಿಟ್ಟ. ಪಾಪ ಬಂದ್ರ ನನಗ ಬರ್ಲಿ. ನುಂಗ."

ಅಂದಿನಿಂದ ದಿನಾಲೂ ಹಾಗೆಯೇ ನಡೆಯಿತು. ಲೆಕ್ಕ ಇಡಲು ನನಗೆ ಓದು ಬೇಕಾಗಲಿಲ್ಲ. ಬಿಳಿಯವು ಮುಗಿದರೆ ಕಂದು ಬಣ್ಣದವು, ಕಂದು ಮುಗಿದರೆ ಹೊಸ ಪಾಕೀಟು. ಕಂದು ಗುಳಿಗೆ ಕಬ್ಬಿಣದ ಸತ್ವದ್ದು, ಅವಳು ಹೊರಗೆ ಕೂರುವ ದಿನಗಳಿಗೇ ಬರುತ್ತಿತ್ತು. ಆಗ ಅವಳು ಜಗಲಿ ಮುಟ್ಟುವಂತಿಲ್ಲ. ನಾನು ತೆಗೆದು, ತಾಗದ ಹಾಗೆ ಮೇಲಿನಿಂದ ಅಂಗೈಗೆ ಬೀಳಿಸುತ್ತಿದ್ದೆ. ಒಮ್ಮೊಮ್ಮೆ ನೆಲಕ್ಕೆ ಬಿದ್ದು ಇಬ್ಬರೂ ಬಗ್ಗಿ ಹುಡುಕುತ್ತಿದ್ದೆವು.

ಆಷಾಢ ಬಂತು. ಪ್ರತಿ ವರ್ಷದಂತೆ ನಾನು ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಬೇಕು. ಹೊರಟೆ, ಆದರೆ ಮನಸ್ಸು ಕರೋಶಿಯಲ್ಲೇ ಉಳಿಯಿತು. ಹೊರಗೆ ಕೂರುವ ದಿನಗಳು ಅದೇ ವಾರಕ್ಕೆ ಬರುತ್ತಿದ್ದವು, ಮೇಲೆ ದೊಡ್ಡ ಏಕಾದಶಿ. ಮಗ ಕಬ್ಬಿಗೆ ನೀರು ಬಿಡಲು ಹೊಲದಲ್ಲೇ ಇರುವವನು. ದಾರಿಯಲ್ಲಿ ಎಲ್ಲರೂ ಅಭಂಗ ಹಾಡಿದರೆ ನಾನು ತಾಳ ಬಾರಿಸುತ್ತಾ, "ಇವತ್ತಿನದು ನುಂಗಿದಳೋ ಇಲ್ಲೋ" ಎಂದುಕೊಳ್ಳುತ್ತಿದ್ದೆ. ಪಾಂಡುರಂಗನ ಪಾದಕ್ಕೆ ತಲೆ ಇಟ್ಟಾಗಲೂ ಕೇಳಿದ್ದು ಅದನ್ನೇ.

ತಿರುಗಿ ಬಂದವಳು ಚಪ್ಪಲಿ ಬಿಟ್ಟದ್ದೇ ಜಗಲಿಗೆ ಹೋಗಿ ಪಾಕೀಟು ತೆಗೆದೆ. ಒಂದೂ ಉಳಿದಿರಲಿಲ್ಲ. ಏಕಾದಶಿಯ ದಿನದ್ದೂ ಖಾಲಿ.

"ಯಾರ ತಗದ ಕೊಟ್ರ ಬೇ?"

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. "ಮಾವಾರು."

ನಮ್ಮ ಯಜಮಾನರು ಹುಟ್ಟಿದಾಗಿನಿಂದ ಯಾವ ಹೆಂಗಸಿಗೂ ಒಂದು ಲೋಟ ನೀರು ತಂದುಕೊಟ್ಟವರಲ್ಲ. ಕೊಟ್ಟಿಗೆಗೆ ಹೋದೆ. ಎಮ್ಮೆಯ ಮೈ ತಿಕ್ಕುತ್ತಿದ್ದರು.

"ಅದು ಏನಂತ ನಿಮಗ ಗೊತ್ತೈತೇನ್ರಿ?"

"ಗೊತ್ತಿರ್ಲಾರ್ದ ಏನ? ಎಮ್ಮಿ ಈದ ಮ್ಯಾಲ ಅದರ ಮೈ ಕೂಡೂತನಕ ಕ್ವಾಣದ ಹಂತ್ಯಾಕ ಬಿಡಂಗಿಲ್ಲ ನಾ. ಮನಿ ಹುಡುಗಿ ಎಮ್ಮಿಗಿಂತ ಕಡಿಮಿ ಆದ್ಲೇನ? ತುಳಸಿ ಎಲಿನೂ ಇಟ್ಟ ಕೊಟ್ಟೀನಿ. ನಿನ್ನಂಗ ಕೆಳಗ ಬೀಳ್ಸಿಲ್ಲ."

ಹೀಗೆ ಮೂರು ವರ್ಷ ಕಳೆದವು. ಓಣಿಯಲ್ಲಿ ಒಂದು ಮಾತು ಎಂದಾದರೂ ಅಡಗುತ್ತದೆಯೇ? ಒಬ್ಬಳು ಬಂದು ಕೇಳಿದಳು, ಇನ್ನೊಬ್ಬಳನ್ನು ಅವಳೇ ಕರೆತಂದಳು. ಇಬ್ಬರು ನನ್ನಂತೆಯೇ ಮುಟ್ಟು ಬರಲಿ ಎಂದು ಕಾಯುತ್ತಿದ್ದವರು, ಅವರಲ್ಲಿ ಒಬ್ಬಳು ವಾರದ ಹಿಂದಷ್ಟೇ ತೆಗೆಸಿಕೊಂಡು ಬಂದಿದ್ದಳು. "ಹದಿನೈದ ದಿನ, ಅಷ್ಟ ನಿನ್ನ ಕೈಯಾಗಿರೂದು. ಏಳ, ಇವತ್ತ ನರ್ಸಬಾಯಿ ಕಡೆ ಹೋಗೂಣು" ಎಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದೆ. ಮೂರನೆಯ ಇಯತ್ತೆಯ ಮುದುಕಿ! ನರ್ಸಬಾಯಿ ಊರಿಗೆ ಬಂದರೆ ಮೊದಲ ಚಹಾ ಈಗ ನಮ್ಮ ಮನೆಯಲ್ಲೇ.

ಹೋದ ವರ್ಷ ಡಾಕ್ಟರಬಾಯಿ ಸೊಸೆಯನ್ನು ನೋಡಿ, ಮೈಯಲ್ಲಿ ರಕ್ತ ತುಂಬಿದೆ, ಬೇಕೆಂದರೆ ಈಗ ಆಗಲಿ ಎಂದರು. ಬೇಕು ಎಂದಳು ಸೊಸೆ. ಆ ಸಂಜೆ ಜಗಲಿಯಿಂದ ಗುಳಿಗೆ ತೆಗೆಯಲಿಲ್ಲ, ಬರೀ ತೀರ್ಥ ಕೊಟ್ಟೆ. ಈ ಸಲವೂ ಹೊಟ್ಟೆ ಕೊಯ್ದೇ ತೆಗೆದರು. ಆದರೆ ದಿನ ನೋಡಿ, ರಕ್ತ ನೋಡಿ, ಹೆದರಿಕೆ ಇಲ್ಲದೆ ತೆಗೆದರು.

ನಿನ್ನೆ ಏಕಾದಶಿ. ಬಾಣಂತಿಗೆ ಉಪವಾಸ ಇಲ್ಲ. ಅವಳಿಗೆ ಮೆತ್ತನೆಯ ಅನ್ನ, ತುಪ್ಪ, ಬೆಳ್ಳುಳ್ಳಿಯ ಸಾರು ಮಾಡಿದೆ; ನಮಗೆ ಸಾಬೂದಾಣಿ, ಬೇಯಿಸಿದ ಗೆಣಸು, ಶೇಂಗಾ ಉಂಡೆ. ಪುರುಡು ಇನ್ನೂ ಮುಗಿದಿಲ್ಲ, ಬಾಣಂತಿ ತನ್ನ ಕೋಣೆಯಲ್ಲಿ ಒಬ್ಬಳೇ ಉಣ್ಣಬೇಕು. ಅವಳ ತಾಟು ಒಳಗಿಟ್ಟು ಅಡಿಗೆಮನೆಗೆ ಬಂದವಳಿಗೆ ಕೂರಲು ಮನಸ್ಸಾಗಲಿಲ್ಲ. ಎಲ್ಲರ ತಾಟನ್ನೂ ಎತ್ತಿಕೊಂಡು ಹೋಗಿ ಅವಳ ಕೋಣೆಯೊಳಗೇ ಸಾಲಾಗಿ ಇಟ್ಟೆ.

ಯಜಮಾನರು ಬಾಗಿಲಲ್ಲಿ ನಿಂತರು. "ಪುರುಡ ಐತಲ ಲೇ?"

"ಇರ್ಲಿ. ಬರ್ರಿ, ಕೂಡ್ರಿ."

ಮಗ ಕೂಸನ್ನು ಎತ್ತಿಕೊಂಡೇ ಕೂತ. ಉಣ್ಣುತ್ತ ಸೊಸೆ ಹೇಳಿದಳು, "ಅತ್ಯಾ, ದವಾಖಾನ್ಯಾಗ ಮತ್ತ ಕೇಳಿದ್ರು. ಈ ಸಲ ವಂಕಿ ಹಾಕ್ರಿ ಅಂದೀನಿ. ಒಂದೂವರಿ ತಿಂಗಳಿಗೆ ಬಾ ಅಂದಾರ."

"ಎದಿಗೆ ಏರಂಗಿಲ್ಲೇನ ಅದು?" ಎಂದು ನಾನು ಕಾಡಿದೆ.

"ಏರ್ಲಿ ಬಿಡ್ರಿ, ತುಳಸಿ ಎಲಿ ಇಟ್ಟ ಇಳಸ್ತೀರಿ ನೀವು."

"ಹಂಗಾದ್ರ ಜಗಲಿ ಮುಂದಿನ ನನ್ನ ನೌಕರಿ ಹೋತು" ಎಂದರು ಯಜಮಾನರು. ಮಗ ನಕ್ಕ ನಗೆಗೆ ಕೂಸು ಬೆಚ್ಚಿಬಿದ್ದು ಕಿರುಚಿತು. ಹಿರಿಯ ಮೊಮ್ಮಗಳು ಅವ್ವನ ತಾಟಿನಿಂದ ತುಪ್ಪದ ಅನ್ನ ಒಂದು ತುತ್ತು, ನನ್ನ ತಾಟಿನಿಂದ ಸಾಬೂದಾಣಿ ಒಂದು ತುತ್ತು ತೆಗೆದು ತಿನ್ನುತ್ತಿದ್ದಳು. ಏಕಾದಶಿ ದಿನ ಅನ್ನ ಮುಟ್ಟಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಾನಂತೂ ಹೇಳಲಿಲ್ಲ. ಅವಳ ತಾಟಿಗೆ ಇನ್ನೊಂದು ಗೆಣಸು ಹಾಕಿ, ಸೊಸೆಯ ಅನ್ನಕ್ಕೆ ಮತ್ತೆ ತುಪ್ಪ ಬಡಿಸಿದೆ.