ಸಿಸ್ಟರ್ ಮನೆಯ ಬಿಪಿ

ಆಸ್ಪತ್ರೆಯ ಬಿಪಿ ಕೋಣೆಯಲ್ಲಿ ಸಿಸ್ಟರ್ ಬಾಯಿಗೆ ಬಿಡುವೇ ಇಲ್ಲ. ತೋಳಿಗೆ ಪಟ್ಟಿ ಸುತ್ತುತ್ತಲೇ ಪಾಠ ಶುರು. "ಮಾತ್ರೆ ತಗೊಂಡ್ರಾ? ತಲೆನೋವಿಲ್ಲ ಅಂತ ಬಿಡ್ಬೇಡಿ. ಒಂದು ಹೊತ್ತು ಮರೆತ್ರೆ ಮುಂದಿನ ಹೊತ್ತಿಗೆ ಎರಡು ನುಂಗ್ಬೇಡಿ. ಪಕ್ಕದ್ಮನೆಯವರ ಮಾತ್ರೆ ನಿಮ್ದಲ್ಲ." ಎಲ್ಲರೂ ತಲೆಯಾಡಿಸುತ್ತಾರೆ, ಹೊರಗೆ ಹೋಗಿ ತಮಗೆ ತೋಚಿದ್ದೇ ಮಾಡುತ್ತಾರೆ. "ನಿಮ್ಮ ಬಿಪಿ ಎಷ್ಟು ಸಿಸ್ಟರ್?" ಎಂದು ಒಬ್ಬ ಅಜ್ಜಿ ಕೇಳಿದ್ದಕ್ಕೆ, "ನಿಮ್ಮನ್ನೆಲ್ಲ ನೋಡಿದ್ಮೇಲೆ ಮೀಟರೇ ಸಾಲಲ್ಲ ಅಜ್ಜಿ" ಎಂದಿದ್ದಳು.

ಹೊರಗಿನವರನ್ನು ಹೇಗೋ ಸಂಭಾಳಿಸಬಹುದು. ಮನೆಯಲ್ಲಿರುವ ಮಾವನ ಬಿಪಿಯೇ ಆಕೆಗೆ ತಲೆನೋವು. ಗಂಡನ ಅಪ್ಪ, ಬಸ್ ನಿಲ್ದಾಣದ ಪಕ್ಕ ಪಂಕ್ಚರ್ ಅಂಗಡಿ, ಬೀದಿಗೆಲ್ಲ ಟೈರಣ್ಣ. ಭಾನುವಾರ ಬೆಳಿಗ್ಗೆ ಆಕೆಯೇ ಅವರ ಬಿಪಿ ಅಳೆದು ಡಾಕ್ಟರಿಗೆ ಹೇಳುತ್ತಿದ್ದಳು. ಪ್ರತಿ ಸಲವೂ ಜಾಸ್ತಿ. ಡಾಕ್ಟರ್ ಮಾತ್ರೆಯ ಪವರ್ ಏರಿಸಿದರು, ಆಮೇಲೆ ಇನ್ನೊಂದು ಮಾತ್ರೆ ಸೇರಿಸಿದರು. ಭಾನುವಾರದ ಅಂಕಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಇತ್ತ ವಾರವಿಡೀ ಮಾವನಿಗೆ ತಲೆಸುತ್ತು. ಕೂತು ಚಕ್ರ ಬಿಚ್ಚಿ ಎದ್ದರೆ ಕಣ್ಣಿಗೆ ಕತ್ತಲೆ.

"ಕದ್ದುಮುಚ್ಚಿ ಉಪ್ಪು ಸುರ್ಕೋತಿದ್ದೀರಾ ಮಾವ?"

"ಅಡುಗೆಮನೆಗೆ ನೀನೇ ಕಾವಲು ಕೂತಿದ್ದೀಯಲ್ಲಮ್ಮ!"

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಗ್ಗಿದ್ದವರು ಎದ್ದು ನಿಂತು, ಹಾಗೆಯೇ ಹಳೇ ಟೈರುಗಳ ಮೇಲೆ ಕುಸಿದರು. ಪುಣ್ಯಕ್ಕೆ ಟೈರು. ಒಂದು ಗೇಣು ಆಚೆ ಕಬ್ಬಿಣದ ಜಾಕ್ ಇತ್ತು. ಮನೆಗೆ ಕರೆತಂದ ಗಂಡ, "ಅಪ್ಪ, ಸಾಕು, ಅಂಗಡಿ ಮುಚ್ಚಿಬಿಡೋಣ" ಎಂದ. ಮಾವ ಗೋಡೆ ಕಡೆ ಮುಖ ತಿರುಗಿಸಿದರು. ಆ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಪ್ರಪಂಚವೇ ಇಲ್ಲ.

ಸುದ್ದಿ ಕೇಳಿ ಓಡಿ ಬಂದ ಸಿಸ್ಟರ್ ಪಟ್ಟಿ ಸುತ್ತಿ ನೋಡಿದರೆ ಅಂಕಿ ಪಾತಾಳದಲ್ಲಿ! ಭಾನುವಾರ ಆಕಾಶ, ಇವತ್ತು ಪಾತಾಳ. ಆಗ ಆಕೆಗೆ ಅನುಮಾನ ಬಂತು.

"ಮಾವ, ಭಾನುವಾರ ಮಾತ್ರೆ ತಗೊಂಡೇ ಕೂರ್ತಿದ್ರಿ ತಾನೇ?"

"ಅವತ್ತು ಯಾಕೆ ತಗೊಳ್ಲಿ? ನೀನು ಅಳೀತೀಯಲ್ಲ! ಶನಿವಾರದಿಂದ್ಲೇ ಬಿಡ್ತಿದ್ದೆ."

"ಬಿಡ್ತಿದ್ರಾ?"

"ಮತ್ತೆ? ತೂತು ಎಲ್ಲಿದೆ ನೋಡೋಕೆ ಪ್ಯಾಚ್ ಹಾಕ್ಕೊಂಡು ನೋಡ್ತಾರಾ? ನಿಂಗೆ ನಿಜವಾದ ಬಿಪಿ ಗೊತ್ತಾಗ್ಬೇಡ್ವಾ?"

ಆಕೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಅಯ್ಯೋ ಮಾವ, ನಾನು ತೂತು ಹುಡುಕ್ತಿಲ್ಲ! ಪ್ಯಾಚ್ ನಿಂತಿದ್ಯಾ ಅಂತ ನೋಡ್ತಿರೋದು. ಪ್ಯಾಚ್ ಹಾಕಿದ್ಮೇಲೆ ನೀವು ಟ್ಯೂಬನ್ನ ಇನ್ನೊಂದ್ಸಲ ನೀರಲ್ಲಿ ಮುಳುಗಿಸಲ್ವಾ?"

ಮಾವ ಗಲ್ಲ ಕೆರೆದುಕೊಂಡರು. "ಹಾಗೆ ಹೇಳ್ಬೇಕಿತ್ತು ಮೊದ್ಲೇ. ಮಾತ್ರೆ ತಗೊಂಡ್ರಾ ಅಂತ ಊರಿಗೆಲ್ಲ ಕೇಳ್ತೀಯಂತೆ. ನನ್ನ ಒಂದಿನ ಕೇಳಿದ್ದೀಯಾ?"

ನಿಜ, ಆಕೆ ಕೇಳಿರಲಿಲ್ಲ. ಸಿಸ್ಟರ್ ಮನೆಯಲ್ಲಿ ಯಾರು ಮಾತ್ರೆ ತಪ್ಪಿಸುತ್ತಾರೆ ಎಂಬ ಧೈರ್ಯ. ಈಗ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು?

ಕೂಡಲೇ ಮಾವನನ್ನು ಡಾಕ್ಟರ ಹತ್ತಿರ ಕರೆದೊಯ್ದು, ತಾನು ಹೇಳಿದ ಅಂಕಿಗಳೆಲ್ಲ ಮಾತ್ರೆ ಬಿಟ್ಟ ದಿನದವು ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳು; ಗಂಡ ಅಂಗಡಿ ಮುಚ್ಚಿಸಲು ಹೊರಟಿದ್ದನ್ನೂ ತಿಳಿಸಿದಳು. ಡಾಕ್ಟರ್ ಸೇರಿಸಿದ್ದ ಮಾತ್ರೆ ತೆಗೆದರು, ಪವರ್ ಇಳಿಸಿದರು. "ಮಾತ್ರೆ ತಗೊಂಡು ಅಳೆದು ತೋರಿಸಿ. ತಲೆಸುತ್ತು ನಿಲ್ಲೋವರೆಗೂ ಅಂಗಡಿ ಬೇಡ. ಮುಚ್ಚೋ ಮಾತೂ ಬೇಡ."

ಹೊರಗೆ ಬಂದ ಮಾವ ಗೊಣಗಿದರು. "ತಪ್ಪು ಇಬ್ರದ್ದು, ಶಿಕ್ಷೆ ನಂಗೊಬ್ಬನಿಗೆ."

"ನಿಮಗೊಬ್ರಿಗೇನಲ್ಲ ಮಾವ. ನೀವು ದಿನವಿಡೀ ಮನೇಲಿ ಕೂತ್ರೆ ಶಿಕ್ಷೆ ನಮಗೆಲ್ಲ."