ಬ್ಯಾಟರಿ ಡಬ್ಬಿಗೆ ಹೊಡೆದ ಗುರುತು

ನನ್ನ ಬ್ಯಾಟರಿ ಗಾಡಿಯನ್ನು ಮನೆಯಲ್ಲಿ ಯಾರೂ ಗಾಡಿ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೀಣ್ಯದ ಗಾರ್ಮೆಂಟ್ಸಿಗೆ ಅದರಲ್ಲೇ ಹೋಗಿಬರುತ್ತಿದ್ದೆ. ಅಗ್ಗದ ಸ್ಕೂಟರು. ಸಮತಟ್ಟಿನಲ್ಲಿ ಸೈಕಲ್ಲಿಗೂ ದಾರಿ ಬಿಡಬೇಕು, ಏರು ಬಂದರೆ ಇಳಿದು ತಳ್ಳಬೇಕು. ಫ್ಯಾಕ್ಟರಿ ವ್ಯಾನಿನ ಕಿಟಕಿಯಿಂದ ಹೆಂಗಸರು ಕೈಬೀಸಿ ನಗುತ್ತಿದ್ದರು. ಆದರೂ ನನಗೆ ಅದೇ ಬೇಕು. ಕೆಲಸ ಮುಗಿಸಿ, ಅಮ್ಮನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವ ಸುಖ ವ್ಯಾನಿನಲ್ಲಿ ಎಲ್ಲಿಂದ ಬರಬೇಕು? ನಮ್ಮ ಯಜಮಾನರ ಕಣ್ಣು ಕುಕ್ಕುತ್ತಿದ್ದುದೂ ಆ ಕಾಫಿಯೇ.

"ವ್ಯಾನ್ ಮನೆ ಬಾಗ್ಲಿಗೇ ಬರ್ತದಲ್ಲ ಕಣೇ, ಅದ್ಯಾಕೆ ಆ ಡಕೋಟ?" ಎಂದು ಆಗಾಗ ರಾಗ ಎಳೆಯುತ್ತಿದ್ದರು.

ಪೀಣ್ಯಕ್ಕೆ ಮೆಟ್ರೋ ಬಂದ ಹೊಸತರಲ್ಲಿ ಬ್ಯಾಟರಿ ಪೂರ್ತಿ ಕೈಕೊಟ್ಟಿತು. ದೊಡ್ಡ ಮೋಟರು, ಹಗುರವಾದ ಲಿಥಿಯಂ ಬ್ಯಾಟರಿ ಹಾಕಿಕೊಡುವವನೊಬ್ಬ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿದ್ದಾನೆಂದು ತಿಳಿದು ಅಲ್ಲಿಗೆ ಹೋದೆ. ಮಾತಿಗೊಮ್ಮೆ ಅಕ್ಕ ಅನ್ನುವವನನ್ನು ನಾನು ನಂಬುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನು ಹೊಸದೆಂದು ತುಂಬಿದರೆ ಗೊತ್ತಾಗುವುದು ಹೇಗೆ? ರಜ ಹಾಕಿ ಅವನೆದುರೇ ಸ್ಟೂಲ್ ಎಳೆದುಕೊಂಡು ಕೂತೆ. ಹಿಂದಿನ ಚಕ್ರದೊಳಗೇ ಇರುವ ಮೋಟರನ್ನು ಚಕ್ರ ಸಮೇತ ಬದಲಿಸಿದ. ಸೆಲ್ಲುಗಳನ್ನು ಜೋಡಿಸಿ, ನೀಲಿ ಹಾಳೆ ಸುತ್ತಿ, ಸೀಟಿನ ಕೆಳಗಿನ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಿದ. ಅಲ್ಲಿಯವರೆಗೆ ನಾನು ನೀರು ಕುಡಿಯಲೂ ಏಳಲಿಲ್ಲ.

ಯಜಮಾನರು ಲೇತ್ ಕೆಲಸದವರು. ಅವರ ಶಾಪಿನಲ್ಲಿ ಸ್ಪ್ಯಾನರಿನಿಂದ ಊಟದ ಡಬ್ಬಿಯವರೆಗೆ ಎಲ್ಲದರ ಮೇಲೂ ಅಂಕಿ ಕೆತ್ತಿದ ಉಕ್ಕಿನ ಪಂಚ್ ಇಟ್ಟು, ಸುತ್ತಿಗೆಯಲ್ಲಿ ತಮ್ಮತಮ್ಮ ಗುರುತು ಹೊಡೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಸಂಜೆಯೊಳಗೆ ಅದು ಇನ್ಯಾರದೋ ಆಗಿರುತ್ತದೆ. ಗಾಡಿ ಮನೆಗೆ ಬಂದ ದಿನವೇ, "ಸರ್ವೀಸಿಗೆ ಬಿಟ್ಟಾಗ ಆ ನನ್ಮಗ ಬ್ಯಾಟರಿನೇ ಬದಲಾಯಿಸ್ಬಿಟ್ರೆ?" ಎಂದು ಡಬ್ಬಿಯ ಮುಚ್ಚಳಕ್ಕೆ ಶಾಪಿನಲ್ಲಿ ತಮಗೆ ಕೊಟ್ಟ ಟೋಕನ್ ನಂಬರ್ ಹೊಡೆದರು. ನನ್ನ ಗಾಡಿಯ ಮೇಲೂ ಇವರಿಗೆ ಕಾಳಜಿ ಬಂತಲ್ಲ ಎಂದು ನನಗೆ ಖುಷಿಯೇ ಆಯಿತು.

ಗಾಡಿ ಈಗ ಏರನ್ನು ನೀರು ಕುಡಿದಷ್ಟು ಸುಲಭವಾಗಿ ಹತ್ತುತ್ತಿತ್ತು. ಒಂದು ದಿನ ವ್ಯಾನನ್ನೇ ಹಿಂದೆ ಹಾಕಿದೆ. ಆವತ್ತು ಕೈಬೀಸಿದವಳು ನಾನು. ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಅದೇ ಏರಿನ ನಡುವೆ ಸೀಟಿನ ಕೆಳಗಿಂದ ಸುಟ್ಟ ವಾಸನೆ ಬಂದು ಗಾಡಿ ನಿಂತುಬಿಟ್ಟಿತು.

"ನಾನ್ ಹೇಳ್ಲಿಲ್ವಾ? ಕಳ್ಳ ಕಣೇ ಅವ್ನು. ಬಿಟ್ಟಾಕು, ನಾಳೆಯಿಂದ ವ್ಯಾನಲ್ಲಿ ಹೋಗು" ಎಂದರು ಯಜಮಾನರು.

ನನ್ನ ಮೈ ಉರಿಯುತ್ತಿತ್ತು. ಇವರನ್ನೂ ಕರೆದುಕೊಂಡು, ಗಾಡಿಯನ್ನು ಆಟೋದಲ್ಲಿ ಹಾಕಿಸಿ ಶೆಡ್ಡಿಗೆ ಹೋದೆ. "ಹಳೇ ಸೆಲ್ ತುಂಬಿ ಟೋಪಿ ಹಾಕಿದ್ಯಲ್ಲಪ್ಪ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವನು ಸ್ಕ್ರೂ ಬಿಚ್ಚಿ ಮುಚ್ಚಳ ಮಗುಚಿದ. ಟೋಕನ್ ನಂಬರಿನ ಮೊದಲ ಎರಡು ಅಂಕಿಗಳು ಹದವಾಗಿ ಬಿದ್ದಿದ್ದವು. ಕೊನೆಯದು ಮಾತ್ರ ತಗಡನ್ನೇ ಸೀಳಿ ಒಳಗಡೆ ಮುಳ್ಳಿನಂತೆ ಎದ್ದಿತ್ತು. ಅದರ ಕೆಳಗೆ ಹಾದುಹೋದ ವೈರು ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಕಪ್ಪಾಗಿತ್ತು.

"ಇದ್ಯಾರಕ್ಕ ಹೊಡ್ದಿದ್ದು?" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಾಯಿ ತೆರೆಯುವ ಮೊದಲೇ ಇವರು, "ಗುರುತಿಗೆ ಅಂತ... ಕೈ ಸ್ವಲ್ಪ ಜೋರಾಯ್ತು" ಎಂದರು.

ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ ಬರುವ ಕೆಲಸ ಇವರದು. ಆ ಕೈ ಕೊನೆಯ ಅಂಕಿಗೆ ಮಾತ್ರ ಜೋರಾಯಿತೇ? ಬೇಕಂತಲೇ ಹೊಡೆದಿರಾ ಎಂದು ಕೇಳಲು ಹೆದರಿಕೆಯಾಯಿತು. ಇಲ್ಲ ಅಂದರೂ ನಾನು ನಂಬುತ್ತಿರಲಿಲ್ಲ.

ಮೆಕ್ಯಾನಿಕ್ ವೈರು ಬದಲಿಸಿ, ಮುಚ್ಚಳದ ಕೆಳಗೆ ದಪ್ಪ ರಬ್ಬರ್ ಹಾಸಿಕೊಟ್ಟ. ವಾಪಸ್ ಬರುವಾಗ ಇವರು ಹಿಂದಿನ ಸೀಟಿನಲ್ಲಿ, ಗಾಡಿ ಓಡಿಸಿದವಳು ನಾನು. ದೊಡ್ಡ ಮೋಟರು ಇಬ್ಬರನ್ನೂ ಹೊತ್ತು ಏರು ಹತ್ತಿತು. ಮನೆಯ ಕಡೆ ತಿರುಗಿಸದೆ ನೇರ ಅಮ್ಮನ ಮನೆಗೆ ಬಿಟ್ಟೆ. ಇಬ್ಬರೂ ಕಾಫಿ ಕುಡಿದೆವು. ಬ್ಯಾಟರಿ ಡಬ್ಬಿಯ ಮೇಲಿನ ಸೀಟಿನ ಬೀಗದ ಇನ್ನೊಂದು ಕೀಯನ್ನು, ನಮ್ಮ ಮನೆಯಲ್ಲಿಡದೆ, ಆವತ್ತು ಅಮ್ಮನ ಕೈಗೆ ಕೊಟ್ಟೆ. ಯಾಕೆ ಎಂದು ಅಮ್ಮನೂ ಕೇಳಲಿಲ್ಲ, ಇವರೂ ಕೇಳಲಿಲ್ಲ.