ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು

ಬಲಗೈ ಗೆಣ್ಣುಗಳೆಲ್ಲ ದಪ್ಪಗಟ್ಟಿ ಕಪ್ಪಾಗಿದ್ದವು. ಯಾವ ಕಬ್ಬಿಣವೇ ಇರಲಿ, ನಮ್ಮ ಮೇಸ್ತ್ರಿ ಆ ಗೆಣ್ಣಿನಿಂದ ಒಮ್ಮೆ ತಟ್ಟಿ, ಎಡಗಿವಿ ವಾಲಿಸಿ ಕೇಳಿದ ಮೇಲೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಕಲಿತ ಅಭ್ಯಾಸ ಅದು. ಅಲ್ಲಿ ತಲೆ ಮೇಲಿನ ಬಂಡೆಯನ್ನು ಸರಳಿನಿಂದ ತಟ್ಟದೆ ಯಾರೂ ಅದರಡಿ ಕಾಲಿಡುತ್ತಿರಲಿಲ್ಲವಂತೆ. ಟೊಳ್ಳು ಸದ್ದು ಬಂದರೆ ಬಂಡೆ ಸಡಿಲವೆಂದು ಅರ್ಥ. ಗಣಿ ಮುಚ್ಚಿದ ಮೇಲೆ ಅವರು ಬಂಗಾರಪೇಟೆಯ ನಮ್ಮ ಕಾರ್ಖಾನೆಗೆ ಬಂದರು. ನಾನು ಅಲ್ಲಿ ಕೆಲಸಗಾರರನ್ನು ಆರಿಸುವ ಆಫೀಸರು, ದಾವಣಗೆರೆ ಕಡೆಯವನು.

ನಾಲ್ಕು ವರ್ಷದ ಹಿಂದೆ, ಭಾರ ಎತ್ತುವ ಚೈನ್ ಬ್ಲಾಕ್ ನಡೆಸಲು ಒಬ್ಬನನ್ನು ತೆಗೆದುಕೊಂಡೆ. ಫೈಲು ತುಂಬ ಸರ್ಟಿಫಿಕೇಟು, ಬಾಯಿ ತುಂಬ 'ಆಯ್ತು ಸಾರ್'. ಅದೇ ಸಂಜೆ ಮೇಸ್ತ್ರಿ ನನ್ನ ಟೇಬಲ್ ಎದುರು ನಿಂತರು.

"ಸಾರ್, ಇವ್ನು ಬ್ಯಾಡ. ಚೈನ್ ಕೆಳಗೆ ನಿಂತ್ಕೊಂಡು ಒಂದ್ಸಲಾನೂ ತಲೆ ಎತ್ತಿ ನೋಡ್ಲಿಲ್ಲ. ಕೊಕ್ಕೆ ತಟ್ಟಿ ನೋಡಪ್ಪಾ ಅಂದ್ರೆ ನಗ್ತಾನೆ. ಸ್ಪ್ಯಾನರ್ ಬಿದ್ರೆ, ನಾವು ಕೇಳೋಕ್ ಮುಂಚೆನೇ 'ನಾನಲ್ಲ' ಅಂತಾನೆ. ಇಂಥವ್ನು ಯಾರನ್ನಾದ್ರೂ ತಿಂದೇ ಓಗೋದು."

ನನಗೆ ರೇಗಿತು. "ನಿಮಗೆ ಗಣಿಯವರೇ ಬೇಕು. ಹೊರಗಿನವರು ಬಂದ್ರೆ ಆಗಲ್ಲ, ಅಲ್ವಾ ಮೇಸ್ತ್ರಿ?" ಎಂದೆ.

"ನೀವೂ ಒರಗಿನೋರೇ ಅಲ್ವಾ ಸಾರ್? ನಿಮ್ಮನ್ನ ಬ್ಯಾಡ ಅಂದ್ನಾ?" ಎಂದು ಹೊರಟುಹೋದರು.

ಆಗಲೂ ನನಗೆ ಬುದ್ಧಿ ಬರಲಿಲ್ಲ, ಮುಟ್ಠಾಳ ನಾನು. ತಿಂಗಳು ತುಂಬುವುದರೊಳಗೆ ಆ ಮಹಾನುಭಾವ ಬಿರುಕು ಬಿಟ್ಟ ಕೊಕ್ಕೆಗೆ ಉಕ್ಕಿನ ಪ್ಲೇಟು ಸಿಕ್ಕಿಸಿ ಮೇಲೆತ್ತಿದ. ತಟ್ಟಿದ್ದರೆ ಸದ್ದೇ ಹೇಳುತ್ತಿತ್ತು. ಕೆಳಗೆ ವೆಲ್ಡಿಂಗ್ ಮಾಡುವ ಹೆಂಗಸೊಬ್ಬಳು ಬಗ್ಗಿ ಕೂತಿದ್ದಳು. ಕೊಕ್ಕೆ ಮುರಿಯಿತು. ಮೇಸ್ತ್ರಿ ನುಗ್ಗಿ ಅವಳನ್ನು ಆಚೆ ತಳ್ಳಿದರು. ಪ್ಲೇಟು ಅವರ ಸೊಂಟದ ಮೇಲೆ ಬಿತ್ತು. ನಾನು ಓಡಿ ಬರುವಷ್ಟರಲ್ಲಿ ಅವನು ಎರಡೂ ಕೈ ಎತ್ತಿಕೊಂಡು ನಿಂತಿದ್ದ. "ನಾನಲ್ಲ ಸಾರ್!"

ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನ ಮೇಲೆ ಅರ್ಧ, ನನ್ನ ಮೇಲೆ ಉಳಿದರ್ಧ.

ಮೇಸ್ತ್ರಿ ಮತ್ತೆ ಎದ್ದು ನಡೆಯಲಿಲ್ಲ. ನಾನು ನೋಡಲು ಹೋದಾಗಲೆಲ್ಲ "ಆ ಯಮ್ಮ ಚೆನ್ನಾಗವ್ಳಾ ಸಾರ್?" ಎಂದಷ್ಟೇ ಕೇಳುತ್ತಿದ್ದರು. ಒಂದು ಸಲವಾದರೂ ಬೈಯಬಾರದಿತ್ತೇ ಆ ಮನುಷ್ಯ! ಬೈಯದೆಯೇ ಹೋದ ವರ್ಷ ತೀರಿಕೊಂಡರು.

ಮೊನ್ನೆ ಬೇರೊಂದು ಕಾರ್ಖಾನೆಯಿಂದ ಫೋನು ಬಂತು. ನಾವು ಹೊರಹಾಕಿದ ಆಸಾಮಿ ಅಲ್ಲಿ ಸೇರಿ ವಾರವಾಗಿದೆಯಂತೆ, ಮನುಷ್ಯ ಹೇಗೆ ಎಂದು ಕೇಳಿದರು. ತಲೆ ಎತ್ತಿ ನೋಡದಿದ್ದದ್ದು, ನಕ್ಕಿದ್ದು, 'ನಾನಲ್ಲ' ಅಂದದ್ದು, ಮೇಸ್ತ್ರಿ ಹಾಸಿಗೆ ಹಿಡಿದದ್ದು, ಎಲ್ಲವನ್ನೂ ಹೇಳಿದೆ.

"ಅಯ್ಯೋ, ಇದನ್ನೆಲ್ಲ ಮೊದಲೇ ಹೇಳೋರು ನಮಗೆ ಯಾರೂ ಇರಲಿಲ್ಲ ಸಾರ್," ಎಂದರು ಆ ಕಡೆಯವರು.

"ನನಗಿದ್ದರು," ಎಂದೆ.